ಕ್ರ್ಯಾಶ್ ಆದ ಜಾಗದಿಂದ ಹಿಂದಕ್ಕೆ ನಡೆಯುವುದು: ಸ್ಟ್ಯಾಕ್ ಬಿಚ್ಚುವ ಲೈಬ್ರರಿಯ ಬಗ್‌ಗಳು

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಏನೋ ಕೆಲಸ ಮಾಡುತ್ತಿರುತ್ತೀರಿ. ಇದ್ದಕ್ಕಿದ್ದಂತೆ ಆ್ಯಪ್ ಮುಚ್ಚಿಕೊಳ್ಳುತ್ತದೆ. "ವರದಿ ಕಳಿಸಬೇಕೇ?" ಎಂದು ಒಂದು ಪುಟ್ಟ ಚೌಕ ಬರುತ್ತದೆ. ಸರಿ ಎಂದು ಒತ್ತಿ ಮರೆತುಬಿಡುತ್ತೀರಿ.

ಆ ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಪಟ್ಟಿ. ಕ್ರ್ಯಾಶ್ ಆದ ಹೊತ್ತಿಗೆ ಯಾವ ಫಂಕ್ಷನ್ (ಪ್ರೋಗ್ರಾಮ್‌ನಲ್ಲಿ ಒಂದು ಕೆಲಸ ಮಾಡುವ ಹೆಸರುಳ್ಳ ತುಂಡು) ಓಡುತ್ತಿತ್ತು, ಅದನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು ಎಂದು ಮೂಲದವರೆಗೆ ಹೋಗುವ ಹೆಸರುಗಳ ಸಾಲು ಅದು. ಪ್ರೋಗ್ರಾಮರ್‌ಗಳು ಇದನ್ನು ಬ್ಯಾಕ್‌ಟ್ರೇಸ್ ಎನ್ನುತ್ತಾರೆ. ತಪ್ಪು ಎಲ್ಲಾಯಿತು ಎಂದು ಹುಡುಕಲು ಕುಳಿತವರು ಮೊದಲು ತೆರೆದು ನೋಡುವುದೇ ಇದನ್ನು.

ಈ ಪಟ್ಟಿಯನ್ನು ಯಾರೂ ಎಲ್ಲೂ ಬರೆದಿಟ್ಟಿರುವುದಿಲ್ಲ. ಕ್ರ್ಯಾಶ್ ಆದ ಮೇಲೆ ಮೆಮೊರಿಯಲ್ಲಿ ಉಳಿದ ಸಂಖ್ಯೆಗಳನ್ನು ನೋಡಿ, ಹಿಂದಕ್ಕೆ ಲೆಕ್ಕ ಹಾಕಿ, ಒಂದೊಂದೇ ಹೆಸರನ್ನು ಕಂಡುಹಿಡಿಯಬೇಕು. ಈ ಲೆಕ್ಕಕ್ಕೆ ಸ್ಟ್ಯಾಕ್ ಅನ್‌ವೈಂಡಿಂಗ್ ಎಂದು ಹೆಸರು. ಕನ್ನಡದಲ್ಲಿ ಸ್ಟ್ಯಾಕ್ ಬಿಚ್ಚುವುದು ಎನ್ನೋಣ. ಅದನ್ನು ಮಾಡುವುದಕ್ಕೆಂದೇ ಲೈಬ್ರರಿಗಳಿವೆ, ಅಂದರೆ ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್.

ಆ ಲೈಬ್ರರಿಯಲ್ಲೇ ಬಗ್ ಇದ್ದರೆ? ಪಟ್ಟಿ ಬರುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ಸುಳ್ಳಾಗಿರುತ್ತದೆ. ತಪ್ಪೇ ಮಾಡದ ಫಂಕ್ಷನ್ ಒಂದರ ಹೆಸರು ಮೇಲೆ ಬಂದು ಕುಳಿತಿರುತ್ತದೆ. ಅದನ್ನು ನಂಬಿದವರು ದಿನಗಟ್ಟಲೆ ಬೇರೆಲ್ಲೋ ಹುಡುಕುತ್ತಾರೆ. ಪಟ್ಟಿಯೇ ಬರದಿದ್ದರೆ ಕನಿಷ್ಠ ಯಾರೂ ದಾರಿ ತಪ್ಪುವುದಿಲ್ಲ. ಹಾಗಾಗಿ ಈ ಲೈಬ್ರರಿಗಳ ಬಗ್ ಸರಿಪಡಿಸುವುದು ಬಹಳ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ. ಅದು ಹೇಗೆ ನಡೆಯುತ್ತದೆ ಎಂದು ಬುಡದಿಂದ ನೋಡೋಣ.

ಸ್ಟ್ಯಾಕ್ ಅಂದರೆ ಏನು

ನೀವು ಒಂದು ಹಾಳೆಯಲ್ಲಿ ದೊಡ್ಡ ಲೆಕ್ಕ ಮಾಡುತ್ತಿದ್ದೀರಿ. ಏಳನೇ ಸಾಲಿಗೆ ಬಂದಾಗ ನಡುವೆ ಇನ್ನೊಂದು ಸಣ್ಣ ಲೆಕ್ಕ ಬೇಕಾಯಿತು. ಮೊದಲ ಹಾಳೆಯ ಮೇಲೆ ಹೊಸ ಹಾಳೆ ಇಡುತ್ತೀರಿ. ಅದರ ಮೂಲೆಯಲ್ಲಿ "ಮುಗಿದ ಮೇಲೆ ಕೆಳಗಿನ ಹಾಳೆಯ ಎಂಟನೇ ಸಾಲಿಗೆ ಹೋಗು" ಎಂದು ಗುರುತು ಹಾಕಿಕೊಳ್ಳುತ್ತೀರಿ. ಆ ಲೆಕ್ಕದ ನಡುವೆ ಮತ್ತೊಂದು ಬಂದರೆ ಅದರ ಮೇಲೆ ಮತ್ತೊಂದು ಹಾಳೆ.

ಪ್ರೋಗ್ರಾಮ್ ಕೂಡ ಹೀಗೇ ನಡೆಯುತ್ತದೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಎಲ್ಲಿಗೆ ವಾಪಸ್ ಬರಬೇಕು ಎಂಬುದನ್ನು ಪ್ರೊಸೆಸರ್ ಮೆಮೊರಿಯಲ್ಲಿ ಇಡುತ್ತದೆ. ಇದು ರಿಟರ್ನ್ ಅಡ್ರೆಸ್. ಕರೆಸಿಕೊಂಡ ಫಂಕ್ಷನ್ ತನ್ನ ಚಿಲ್ಲರೆ ಲೆಕ್ಕಗಳನ್ನೂ ಅದರ ಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾಲು. ಆ ಪಾಲಿಗೆ ಫ್ರೇಮ್ ಎಂದು ಹೆಸರು. ಎಲ್ಲಾ ಫ್ರೇಮ್‌ಗಳು ಸೇರಿದ್ದು ಸ್ಟ್ಯಾಕ್.

ರಿಟರ್ನ್ ಅಡ್ರೆಸ್‌ಗಳನ್ನು ಒಂದಾದ ಮೇಲೆ ಒಂದು ಓದಿಕೊಂಡು ಹೋದರೆ ಪಟ್ಟಿ ಸಿಕ್ಕಿತು, ಅಲ್ವಾ? ಅಷ್ಟು ಸಲೀಸಲ್ಲ. ಕಾಗದದ ಹಾಳೆಗಳಿಗೆ ಅಂಚು ಇರುತ್ತದೆ. ಸ್ಟ್ಯಾಕ್‌ನಲ್ಲಿ ಅಂಚಿಲ್ಲ. ಅದೊಂದು ಉದ್ದನೆಯ ಸಂಖ್ಯೆಗಳ ಸಾಲು, ಅಷ್ಟೇ. ಈ ಸಂಖ್ಯೆ ರಿಟರ್ನ್ ಅಡ್ರೆಸ್ಸೋ, ಯಾರದೋ ಲೆಕ್ಕದ ಉತ್ತರವೋ, ಹಿಂದೆಂದೋ ಮುಗಿದ ಫಂಕ್ಷನ್ ಬಿಟ್ಟುಹೋದ ಕಸವೋ ಎಂದು ಸಂಖ್ಯೆಯನ್ನು ನೋಡಿ ಹೇಳಲು ಆಗುವುದಿಲ್ಲ.

ಗಡಿ ಕಲ್ಲುಗಳು ಮಾಯವಾದ ಕಥೆ

ಈ ತೊಂದರೆಗೆ ಒಂದು ಹಳೆಯ ಪರಿಹಾರವಿದೆ. ಪ್ರತಿ ಫ್ರೇಮ್‌ನಲ್ಲೂ "ನನ್ನ ಹಿಂದಿನ ಫ್ರೇಮ್ ಇಲ್ಲಿದೆ" ಎಂದು ಒಂದು ಗುರುತು ಇಡುವುದು. ಅದನ್ನು ಹಿಡಿದಿಡಲು ಒಂದು ರಿಜಿಸ್ಟರ್ ಮೀಸಲು. ರಿಜಿಸ್ಟರ್ ಎಂದರೆ ಪ್ರೊಸೆಸರ್‌ನ ಒಳಗೇ ಇರುವ ಪುಟ್ಟ, ಬಲು ವೇಗದ ಜಾಗ. ಹೀಗೆ ಗುರುತು ಹಿಡಿಯುವ ರಿಜಿಸ್ಟರ್‌ಗೆ ಫ್ರೇಮ್ ಪಾಯಿಂಟರ್ ಎನ್ನುತ್ತಾರೆ. ಒಂದು ಗುರುತಿನಿಂದ ಇನ್ನೊಂದಕ್ಕೆ ಹೋಗುತ್ತಾ ಇದ್ದರೆ ಸ್ಟ್ಯಾಕ್ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆದರೆ ರಿಜಿಸ್ಟರ್‌ಗಳು ಇರುವುದೇ ಕೆಲವು. ಇವತ್ತಿನ ಬಹುತೇಕ ಲ್ಯಾಪ್‌ಟಾಪ್ ಮತ್ತು ಸರ್ವರ್‌ಗಳಲ್ಲಿರುವ ಎಕ್ಸ್‌86-64 ಪ್ರೊಸೆಸರ್‌ನಲ್ಲಿ ಸಾಮಾನ್ಯ ಕೆಲಸಕ್ಕೆ 16 ರಿಜಿಸ್ಟರ್‌ಗಳಿವೆ. ಅದರಲ್ಲೊಂದನ್ನು ಸುಮ್ನೆ ಗಡಿ ಕಲ್ಲಾಗಿ ನಿಲ್ಲಿಸುವ ಬದಲು ಕೆಲಸಕ್ಕೆ ಹಚ್ಚೋಣ ಎಂದು ಕಂಪೈಲರ್‌ಗಳು, ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ಸಾಧನಗಳು, ತೀರ್ಮಾನಿಸಿದವು. ವೇಗಕ್ಕೆಂದು ಕಂಪೈಲ್ ಮಾಡಿದ ಪ್ರೋಗ್ರಾಮ್‌ಗಳಲ್ಲಿ ಫ್ರೇಮ್ ಪಾಯಿಂಟರ್ ಇಲ್ಲದಿರುವುದೇ ಮಾಮೂಲಾಯಿತು. ಇತ್ತೀಚೆಗೆ ಗಾಳಿ ಸ್ವಲ್ಪ ತಿರುಗಿದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ರೂಪಗಳಾದ 2023ರ ಫೆಡೋರಾ 38 ಮತ್ತು 2024ರ ಉಬುಂಟು 24.04 ತಮ್ಮ ಪ್ಯಾಕೇಜ್‌ಗಳಿಗೆ ಫ್ರೇಮ್ ಪಾಯಿಂಟರ್ ವಾಪಸ್ ತಂದವು. ಆದರೂ ಅದಿಲ್ಲದ ಪ್ರೋಗ್ರಾಮ್‌ಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಅವಕ್ಕೆ ಬೇರೆ ದಾರಿ ಬೇಕು.

ಡ್ವಾರ್ಫ್ ಎಂಬ ನಕ್ಷೆ

ಆ ದಾರಿಯೇ ಡೀಬಗ್ ಮಾಹಿತಿ. ಕಂಪೈಲರ್ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವಾಗ, ಯಾವ ಆಜ್ಞೆಯ ಹೊತ್ತಿಗೆ ಸ್ಟ್ಯಾಕ್‌ನಲ್ಲಿ ಏನು ಎಲ್ಲಿದೆ ಎಂದು ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಅದನ್ನೆಲ್ಲಾ ಒಂದು ಕೋಷ್ಟಕದಲ್ಲಿ ಬರೆದು ಫೈಲಿನ ಜೊತೆ ಇಟ್ಟುಬಿಡುತ್ತದೆ. ಈ ಬರವಣಿಗೆಯ ನಿಯಮಗಳಿಗೆ ಡ್ವಾರ್ಫ್ ಎಂದು ಹೆಸರು. ಎಲ್ಫ್ ಎಂಬ ಫೈಲ್ ಮಾದರಿಗೆ ಜೋಡಿಯಾಗಿ ಇಟ್ಟ ಹೆಸರದು. ಯೂನಿಕ್ಸ್ ಲೋಕದಲ್ಲಿ ಹುಟ್ಟಿದ ಡ್ವಾರ್ಫ್‌ನ 3ನೇ ಆವೃತ್ತಿ 2005ರಲ್ಲಿ, 4ನೆಯದು 2010ರಲ್ಲಿ, 5ನೆಯದು 2017ರಲ್ಲಿ ಬಂತು.

ಡ್ವಾರ್ಫ್‌ನಲ್ಲಿ ಬೇರೆ ಬೇರೆ ವಿಭಾಗಗಳಿವೆ. ಈ ವಿಳಾಸ ಯಾವ ಫೈಲಿನ ಎಷ್ಟನೇ ಸಾಲಿನದ್ದು ಎಂದು ಹೇಳುವುದು ಒಂದು. ಈ ವೇರಿಯಬಲ್ ಎಲ್ಲಿದೆ ಎಂದು ಹೇಳುವುದು ಇನ್ನೊಂದು. ಸ್ಟ್ಯಾಕ್ ಬಿಚ್ಚಲು ಬೇಕಾದದ್ದು ಮೂರನೆಯದು, ಫ್ರೇಮ್‌ಗಳ ಕೋಷ್ಟಕ. ಇದೇ ಕೋಷ್ಟಕದ ತುಸು ಬದಲಾದ ರೂಪ ಇಎಚ್ ಫ್ರೇಮ್ ಎಂಬ ಹೆಸರಲ್ಲಿ ಪ್ರೋಗ್ರಾಮ್ ಜೊತೆಗೇ ಮೆಮೊರಿಗೆ ಬರುತ್ತದೆ. ಸಿ++ ಭಾಷೆಯಲ್ಲಿ ಎಕ್ಸೆಪ್ಷನ್ (ಏನೋ ಎಡವಟ್ಟಾಯಿತು ಎಂಬ ಸೂಚನೆ) ಎಸೆದಾಗ ಹಿಂದಕ್ಕೆ ಹೋಗಿ ಹಿಡಿಯುವವರನ್ನು ಹುಡುಕಬೇಕಲ್ಲ, ಅದಕ್ಕೂ ಇದೇ ಕೋಷ್ಟಕ ಬೇಕು. ಹಾಗಾಗಿ ಉಳಿದ ಡೀಬಗ್ ಮಾಹಿತಿಯನ್ನು ಕಿತ್ತು ಹಾಕಿದ ಫೈಲುಗಳಲ್ಲೂ ಇದು ಸಾಮಾನ್ಯವಾಗಿ ಉಳಿದಿರುತ್ತದೆ.

ಪ್ರತಿ ಆಜ್ಞೆಗೂ ಒಂದು ಪೂರ್ತಿ ಸಾಲು ಬರೆದರೆ ಕೋಷ್ಟಕ ಪ್ರೋಗ್ರಾಮ್‌ಗಿಂತ ದೊಡ್ಡದಾಗುತ್ತದೆ. ಅದಕ್ಕೆ ಡ್ವಾರ್ಫ್ ಒಂದು ಉಪಾಯ ಮಾಡುತ್ತದೆ. ಬದಲಾವಣೆಗಳನ್ನು ಮಾತ್ರ ಬರೆಯುತ್ತದೆ: "ಮೊದಲು ಹೀಗಿತ್ತು, ಒಂದು ಬೈಟ್ ಮುಂದೆ ಹೋದ ಮೇಲೆ ಹೀಗಾಯಿತು." ಹೀಗಾಗಿ ಲೈಬ್ರರಿ ಕೋಷ್ಟಕವನ್ನು ಸುಮ್ನೆ ಓದಿದರೆ ಸಾಲದು, ಈ ಪುಟ್ಟ ಸೂಚನೆಗಳನ್ನು ಒಂದೊಂದಾಗಿ ನಡೆಸಿ ಸಾಲನ್ನು ತಾನೇ ಕಟ್ಟಿಕೊಳ್ಳಬೇಕು. ಒಂದು ಪುಟ್ಟ ಯಂತ್ರವನ್ನೇ ಓಡಿಸಿದ ಹಾಗೆ. ಬಗ್‌ಗಳು ಹೊಕ್ಕುವುದು ಜಾಸ್ತಿ ಇಲ್ಲೇ.

ಒಂದೇ ಒಂದು ಹೆಜ್ಜೆ, ಸಂಖ್ಯೆ ಸಮೇತ

ಹತ್ತಿರದಿಂದ ನೋಡೋಣ. ಒಂದು ಫಂಕ್ಷನ್ ಇದೆ. ಅದರ ಮೊದಲ ಆಜ್ಞೆ ಒಂದು ಬೈಟ್ ಉದ್ದ: ಆರ್‌ಬಿಎಕ್ಸ್ ಎಂಬ ರಿಜಿಸ್ಟರ್‌ನ ಬೆಲೆಯನ್ನು ಸ್ಟ್ಯಾಕ್ ಮೇಲೆ ಇಡು. ಎರಡನೆಯದು ನಾಲ್ಕು ಬೈಟ್: ಇನ್ನೂ 32 ಬೈಟ್ ಜಾಗ ಮಾಡಿಕೊ. ಸ್ಟ್ಯಾಕ್‌ನ ತುದಿ ಎಲ್ಲಿದೆ ಎಂದು ಹೇಳುವುದು ಆರ್‌ಎಸ್‌ಪಿ ಎಂಬ ರಿಜಿಸ್ಟರ್. ಎಕ್ಸ್‌86-64ರಲ್ಲಿ ಸ್ಟ್ಯಾಕ್ ಕೆಳಮುಖವಾಗಿ ಬೆಳೆಯುತ್ತದೆ. ಏನಾದರೂ ಇಟ್ಟಷ್ಟೂ ಆರ್‌ಎಸ್‌ಪಿ ಚಿಕ್ಕದಾಗುತ್ತಾ ಹೋಗುತ್ತದೆ.

ಎಲ್ಲಾ ಲೆಕ್ಕಕ್ಕೂ ಒಂದು ಗಟ್ಟಿ ಆಧಾರ ಬೇಕು. ಡ್ವಾರ್ಫ್‌ನಲ್ಲಿ ಅದಕ್ಕೆ ಸಿಎಫ್ಎ ಎನ್ನುತ್ತಾರೆ. ಕರೆದವರು ಕರೆ ಮಾಡುವ ಮುಂಚೆ ಸ್ಟ್ಯಾಕ್‌ನ ತುದಿ ಎಲ್ಲಿತ್ತೋ ಆ ವಿಳಾಸ ಅದು. ಫಂಕ್ಷನ್ ಒಳಗೆ ಆರ್‌ಎಸ್‌ಪಿ ಎಷ್ಟು ಸಲ ಬದಲಾದರೂ ಸಿಎಫ್ಎ ಬದಲಾಗುವುದಿಲ್ಲ. ನಮ್ಮ ಫಂಕ್ಷನ್‌ಗೆ ಕೋಷ್ಟಕ ಹೀಗೆ ಹೇಳುತ್ತದೆ: ಶುರುವಿನಲ್ಲಿ ಸಿಎಫ್ಎ ಎಂದರೆ ಆರ್‌ಎಸ್‌ಪಿಗೆ 8 ಕೂಡಿಸಿದ್ದು. ಮೊದಲ ಆಜ್ಞೆ ಮುಗಿದ ಮೇಲೆ 16 ಕೂಡಿಸಿದ್ದು. ಎರಡನೆಯದೂ ಮುಗಿದ ಮೇಲೆ 48. ರಿಟರ್ನ್ ಅಡ್ರೆಸ್ ಯಾವಾಗಲೂ ಸಿಎಫ್ಎಯಿಂದ 8 ಕಡಿಮೆ ಇರುವ ಜಾಗದಲ್ಲಿ. ಮೊದಲ ಆಜ್ಞೆಯ ನಂತರ, ಉಳಿಸಿಟ್ಟ ಆರ್‌ಬಿಎಕ್ಸ್ ಸಿಎಫ್ಎಯಿಂದ 16 ಕಡಿಮೆ ಇರುವ ಜಾಗದಲ್ಲಿ.

ಎರಡೂ ಆಜ್ಞೆ ಮುಗಿದ ಮೇಲೆ ಕ್ರ್ಯಾಶ್ ಆಯಿತು, ಆಗ ಆರ್‌ಎಸ್‌ಪಿ 8000 ಇತ್ತು ಎಂದುಕೊಳ್ಳಿ. ಸಿಎಫ್ಎ 8048. ರಿಟರ್ನ್ ಅಡ್ರೆಸ್ 8040ರಲ್ಲಿದೆ. ಹಳೆಯ ಆರ್‌ಬಿಎಕ್ಸ್ 8032ರಲ್ಲಿದೆ. 8040ರಲ್ಲಿರುವ ಸಂಖ್ಯೆ ಓದಿದರೆ ಕರೆದವರ ವಿಳಾಸ ಸಿಕ್ಕಿತು. ಕರೆದವರ ಆರ್‌ಎಸ್‌ಪಿ 8048. ಈಗ ಕರೆದವರ ಕೋಷ್ಟಕ ತೆಗೆದು ಇದನ್ನೇ ಮತ್ತೆ ಮಾಡಬೇಕು.

ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ಮೇಲೆ ನಿಂತಿದೆ ಎಂಬುದನ್ನು ಗಮನಿಸಿ. ಮೂರನೇ ಹೆಜ್ಜೆಯಲ್ಲಿ 8 ಬೈಟ್ ತಪ್ಪಿದರೆ ನಾಲ್ಕನೆಯದರಿಂದ ಆಚೆಗೆ ಏನನ್ನೂ ನಂಬುವ ಹಾಗಿಲ್ಲ.

120 ಆದ ಮೈನಸ್ 8

ಈಗ ಬಗ್‌ಗಳಿಗೆ ಬರೋಣ. ಮೊದಲನೆಯದು ಒಂದೇ ಒಂದು ಬೈಟ್‌ನದ್ದು.

ಡ್ವಾರ್ಫ್ ಜಾಗ ಉಳಿಸಲು ಸಂಖ್ಯೆಗಳನ್ನು ಎಲ್‌ಇಬಿ128 ಎಂಬ ರೀತಿಯಲ್ಲಿ ಬರೆಯುತ್ತದೆ. ಒಂದು ಬೈಟ್‌ನ ಎಂಟು ಬಿಟ್‌ಗಳಲ್ಲಿ ಏಳು ಸಂಖ್ಯೆಗೆ. ಎಂಟನೆಯದು "ಇನ್ನೂ ಇದೆ, ಮುಂದಿನ ಬೈಟನ್ನೂ ಓದು" ಎಂದು ಹೇಳಲು. ಇದರಲ್ಲಿ ಎರಡು ಬಗೆ. ಒಂದು ಸೊನ್ನೆ ಮತ್ತು ಅದಕ್ಕಿಂತ ಮೇಲಿನ ಸಂಖ್ಯೆಗಳಿಗೆ, ಇನ್ನೊಂದು ಮೈನಸ್ ಕೂಡ ಬರಬಹುದಾದ ಸಂಖ್ಯೆಗಳಿಗೆ. ಬೈಟ್ ನೋಡಿ ಯಾವ ಬಗೆ ಎಂದು ತಿಳಿಯುವುದಿಲ್ಲ. ಓದುವವರಿಗೇ ಗೊತ್ತಿರಬೇಕು.

ಎಕ್ಸ್‌86-64ರ ಕೋಷ್ಟಕದ ತಲೆಯಲ್ಲಿ ಮೈನಸ್ 8 ಎಂಬ ಗುಣಕ ಇರುತ್ತದೆ. ರಿಟರ್ನ್ ಅಡ್ರೆಸ್ ಎಲ್ಲಿದೆ ಎನ್ನಲು "1" ಎಂದಷ್ಟೇ ಬರೆದಿರುತ್ತಾರೆ. ಅದನ್ನು ಮೈನಸ್ 8ರಿಂದ ಗುಣಿಸಿ ಸಿಎಫ್ಎಗೆ ಕೂಡಿಸಬೇಕು. ಮೈನಸ್ 8 ಫೈಲಿನಲ್ಲಿ ಹೆಕ್ಸ್ 78 (ಹದಿನಾರರ ಎಣಿಕೆಯಲ್ಲಿ 78, ಮಾಮೂಲಿ ಎಣಿಕೆಯಲ್ಲಿ 120) ಎಂಬ ಒಂದು ಬೈಟ್ ಆಗಿ ಕೂತಿರುತ್ತದೆ. ಮೈನಸ್ ಇರುವ ಬಗೆ ಎಂದು ಓದಿದರೆ 120ರಿಂದ 128 ಕಳೆದು ಮೈನಸ್ 8. ಇನ್ನೊಂದು ಬಗೆ ಎಂದು ಓದಿದರೆ ಬರೀ 120.

ಲೈಬ್ರರಿ ತಪ್ಪು ಬಗೆಯಲ್ಲಿ ಓದಿತು ಎಂದಿಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು 8040ರ ಬದಲು 8168ಕ್ಕೆ ಹೋಗುತ್ತದೆ. ಅಲ್ಲಿ ಏನಿದೆ? ಕರೆದವರ ಲೆಕ್ಕವೋ, ಅವರನ್ನು ಕರೆದವರ ರಿಟರ್ನ್ ಅಡ್ರೆಸ್ಸೋ, ಏನು ಬೇಕಾದರೂ ಇರಬಹುದು. ಅಪ್ಪಿತಪ್ಪಿ ನಿಜವಾದ ರಿಟರ್ನ್ ಅಡ್ರೆಸ್ಸೇ ಸಿಕ್ಕಿಬಿಟ್ಟರೆ ಪಟ್ಟಿಯಲ್ಲಿ ನಡುವಿನ ಒಂದಿಬ್ಬರು ಬಿಟ್ಟುಹೋಗಿ, ಉಳಿದದ್ದೆಲ್ಲಾ ಚೆಂದವಾಗಿ ಕಾಣುತ್ತದೆ. ಇಂಥ ಬಗ್ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರಬಲ್ಲದು.

ರಿಜಿಸ್ಟರ್‌ಗಳ ಸಂಖ್ಯೆಯಲ್ಲೂ ಇದೇ ಥರದ ಒಂದು ಗುಂಡಿ ಇದೆ. ಎಕ್ಸ್‌86-64ರ ಯಂತ್ರ ಭಾಷೆಯಲ್ಲಿ ಆರ್‌ಎಸ್‌ಪಿಯ ಸಂಖ್ಯೆ 4. ಡ್ವಾರ್ಫ್‌ನಲ್ಲಿ ಅದೇ ರಿಜಿಸ್ಟರ್ 7. ಡ್ವಾರ್ಫ್‌ನ 4 ಎಂದರೆ ಆರ್‌ಎಸ್‌ಐ, ಅದು ಬೇರೆಯೇ ರಿಜಿಸ್ಟರ್. ಒಂದು ಪಟ್ಟಿ ನೋಡಿ ಇನ್ನೊಂದಕ್ಕೆ ಬರೆದರೆ ಲೈಬ್ರರಿ ಸ್ಟ್ಯಾಕ್ ಬಿಟ್ಟು ಎಲ್ಲೋ ಹೋಗಿ ಕೂರುತ್ತದೆ.

ಒಂದು ಕಳೆಯಬೇಕೋ, ಬೇಡವೋ

ನನಗೆ ಎಲ್ಲಕ್ಕಿಂತ ಇಷ್ಟವಾದ ಬಗ್ ಇದು. ನಿಧಾನವಾಗಿ ನೋಡಬೇಕು.

ರಿಟರ್ನ್ ಅಡ್ರೆಸ್ ಎಂದರೆ ಕರೆ ಮಾಡಿದ ಆಜ್ಞೆಯ ವಿಳಾಸವಲ್ಲ. ಅದರ ಮುಂದಿನ ಆಜ್ಞೆಯದ್ದು. ಸಾಮಾನ್ಯವಾಗಿ ಎರಡೂ ಒಂದೇ ಫಂಕ್ಷನ್ ಒಳಗಿರುತ್ತವೆ. ಆದರೆ ಕೆಲವು ಫಂಕ್ಷನ್‌ಗಳು ವಾಪಸ್ ಬರುವುದೇ ಇಲ್ಲ. ಪ್ರೋಗ್ರಾಮನ್ನೇ ನಿಲ್ಲಿಸಿಬಿಡುವ ಫಂಕ್ಷನ್ ಅಂಥದ್ದು. ಅದನ್ನು ಕರೆದ ಮೇಲೆ ಮುಂದೆ ಏನೂ ನಡೆಯುವುದಿಲ್ಲ ಎಂದು ಕಂಪೈಲರ್‌ಗೆ ಗೊತ್ತು. ಹಾಗಾಗಿ ಅದು ಕರೆಯ ಆಜ್ಞೆಯನ್ನೇ ಕೊನೆಯದಾಗಿ ಇಟ್ಟು ಫಂಕ್ಷನ್ ಮುಗಿಸುತ್ತದೆ.

ಒಂದು ಫಂಕ್ಷನ್ 1008ರಿಂದ 1039ರವರೆಗೆ ಇದೆ. ಅದರ ಕೊನೆಯ ಆಜ್ಞೆ 1035ರಿಂದ 1039, ಐದು ಬೈಟ್‌ನ ಕರೆ. ಹಾಗಾದರೆ ರಿಟರ್ನ್ ಅಡ್ರೆಸ್ 1040. ಆದರೆ 1040ರಲ್ಲಿ ಬೇರೊಂದು ಫಂಕ್ಷನ್ ಶುರುವಾಗುತ್ತದೆ! ಲೈಬ್ರರಿ 1040ಕ್ಕೆ ಕೋಷ್ಟಕ ಹುಡುಕಿದರೆ ಸಿಗುವುದು ಪಕ್ಕದವರದ್ದು. ಹೆಸರೂ ಪಕ್ಕದವರದ್ದು, ನಿಯಮವೂ ಪಕ್ಕದವರದ್ದು. ಪ್ರೋಗ್ರಾಮ್ ತಾನಾಗಿ ನಿಲ್ಲುವ ಹೊತ್ತಿನಲ್ಲೇ, ಅಂದರೆ ಪಟ್ಟಿ ಬೇಕೇ ಬೇಕಾದ ಹೊತ್ತಿನಲ್ಲೇ, ಈ ತಪ್ಪಾಗುತ್ತದೆ.

ಪರಿಹಾರ ಸುಲಭ. ಹುಡುಕುವ ಮುಂಚೆ ಒಂದು ಕಳೆಯಿರಿ. 1039 ಸರಿಯಾದ ಫಂಕ್ಷನ್ ಒಳಗಿದೆ. ಸಾಲಿನ ಸಂಖ್ಯೆಯೂ ಆಗ ಸರಿಯಾಗುತ್ತದೆ. ಇಲ್ಲವಾದರೆ ಕರೆ ಇರುವ ಸಾಲಿನ ಬದಲು ಅದರ ಮುಂದಿನ ಸಾಲನ್ನು ತೋರಿಸುತ್ತಿರುತ್ತದೆ.

ಹಾಗಾದರೆ ಎಲ್ಲಾ ಕಡೆ ಒಂದು ಕಳೆದುಬಿಟ್ಟರೆ ಆಯಿತೇ? ಇಲ್ಲ. ಪಟ್ಟಿಯ ತುದಿಯಲ್ಲಿರುವ ಫಂಕ್ಷನ್ ಯಾರನ್ನೂ ಕರೆದಿಲ್ಲ. ಅದರ ವಿಳಾಸ ರಿಟರ್ನ್ ಅಡ್ರೆಸ್ ಅಲ್ಲ, ನಿಂತ ಜಾಗವೇ. ಅಲ್ಲಿ ಕಳೆಯಬಾರದು. ಸಿಗ್ನಲ್ ಬಂದಾಗಲೂ ಹಾಗೇ. ಸಿಗ್ನಲ್ ಎಂದರೆ ಓಡುತ್ತಿರುವ ಪ್ರೋಗ್ರಾಮನ್ನು ಆಪರೇಟಿಂಗ್ ಸಿಸ್ಟಮ್ ನಡುವೆಯೇ ತಡೆದು "ಮೊದಲು ಇದನ್ನು ನೋಡು" ಎನ್ನುವುದು. ತಡೆದ ಜಾಗ ಯಾವ ಆಜ್ಞೆ ಬೇಕಾದರೂ ಆಗಿರಬಹುದು, ಫಂಕ್ಷನ್‌ನ ಮೊಟ್ಟಮೊದಲ ಆಜ್ಞೆಯೂ ಆಗಿರಬಹುದು. ಅಲ್ಲಿ ಒಂದು ಕಳೆದರೆ ಹಿಂದಿನ ಫಂಕ್ಷನ್‌ಗೆ ಹೋಗಿ ಬೀಳುತ್ತೀರಿ.

ಇದಕ್ಕಾಗಿಯೇ ಕೋಷ್ಟಕದಲ್ಲಿ "ಇದು ಸಿಗ್ನಲ್ ಫ್ರೇಮ್" ಎಂದು ಗುರುತು ಹಾಕುವ ಏರ್ಪಾಡು ಬಂತು. ಲಿನಕ್ಸ್‌ನ ಗ್ಲಿಬ್‌ಸಿ ಲೈಬ್ರರಿಯಲ್ಲಿ ಇದರ ಇನ್ನೊಂದು ಮುಖ ಕಾಣಬಹುದು. ಸಿಗ್ನಲ್ ಕೆಲಸ ಮುಗಿಸಿ ವಾಪಸ್ ಹೋಗುವ ಪುಟ್ಟ ಕೋಡ್ ಒಂದಿದೆ. ಅದನ್ನು ಯಾರೂ ನಿಜವಾಗಿ ಕರೆದಿರುವುದಿಲ್ಲ, ಆದರೂ ಅದರ ವಿಳಾಸ ರಿಟರ್ನ್ ಅಡ್ರೆಸ್ ಜಾಗದಲ್ಲಿ ಕೂತಿರುತ್ತದೆ. ಒಂದು ಕಳೆದವರು ಅದರ ಹೊರಗೆ ಬೀಳದಿರಲಿ ಎಂದು ಎಕ್ಸ್‌86-64ರಲ್ಲಿ ಅದರ ಮುಂಚೆ ಏನೂ ಮಾಡದ ಒಂದು ಆಜ್ಞೆಯನ್ನು ಇಟ್ಟಿದ್ದಾರೆ. ಒಂದು ಬೈಟ್, ಬರೀ ಇದಕ್ಕಾಗಿ. ಹೊಸಬರು ಯಾರಾದರೂ ಇದು ದಂಡ ಎಂದು ತೆಗೆದರೆ ಎಷ್ಟೋ ಪ್ರೋಗ್ರಾಮ್‌ಗಳ ಬ್ಯಾಕ್‌ಟ್ರೇಸ್ ಹಾಳಾಗುತ್ತದೆ.

ನೆನಪಿಡು, ವಾಪಸ್ ತಾ

ಫಂಕ್ಷನ್‌ಗಳು ನಡುವಿನಿಂದಲೇ ಹೊರಗೆ ಹೋಗುವುದುಂಟು. "ಫೈಲ್ ಸಿಗಲಿಲ್ಲ, ಇಲ್ಲಿಗೆ ಮುಗಿಸು" ಎಂಬ ಥರ. ಆ ಜಾಗದಲ್ಲಿ ಸ್ಟ್ಯಾಕ್ ಖಾಲಿ ಮಾಡುವ ಆಜ್ಞೆಗಳಿರುತ್ತವೆ. ಅದರ ಕೆಳಗೆ ಫಂಕ್ಷನ್‌ನ ಉಳಿದ ಭಾಗ ಮುಂದುವರಿಯುತ್ತದೆ, ಅಲ್ಲಿ ಸ್ಟ್ಯಾಕ್ ಮೊದಲಿನ ಹಾಗೇ ತುಂಬಿರುತ್ತದೆ. ಕೋಷ್ಟಕದಲ್ಲಿ ಇದಕ್ಕೆ ಎರಡು ಸೂಚನೆಗಳಿವೆ. ಹೊರಹೋಗುವ ಭಾಗದ ಮುಂಚೆ "ಈಗಿನ ಸ್ಥಿತಿ ನೆನಪಿಡು", ಅದಾದ ಮೇಲೆ "ನೆನಪಿಟ್ಟದ್ದನ್ನು ವಾಪಸ್ ತಾ".

ತೊಡಕು ಎಲ್ಲಿ ಬಂತು ನೋಡಿ. ಪ್ರತಿ ರಿಜಿಸ್ಟರ್‌ನ ನಿಯಮವನ್ನೂ ನೆನಪಿಡಬೇಕು ಎಂದು ಡ್ವಾರ್ಫ್ ಹೇಳುತ್ತದೆ. ಸಿಎಫ್ಎ ಒಂದು ರಿಜಿಸ್ಟರ್ ಅಲ್ಲವಲ್ಲ! ಅಕ್ಷರಶಃ ಓದಿದವರು ಸಿಎಫ್ಎಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ವಾಪಸ್ ತಂದರು. ಆಗ ನಮ್ಮ ಉದಾಹರಣೆಯಲ್ಲಿ ಏನಾಗುತ್ತದೆ? ಹೊರಹೋಗುವ ಭಾಗದ ಕೊನೆಗೆ ಸಿಎಫ್ಎ ನಿಯಮ "ಆರ್‌ಎಸ್‌ಪಿಗೆ 8 ಕೂಡಿಸು" ಎಂದಾಗಿರುತ್ತದೆ. ಅದರ ಕೆಳಗಿನ ಕೋಡ್‌ಗೂ ಅದೇ ಉಳಿದುಬಿಡುತ್ತದೆ. 8048 ಎನ್ನಬೇಕಾದ ಕಡೆ 8008. ರಿಟರ್ನ್ ಅಡ್ರೆಸ್ ಎಂದು 8000ರಲ್ಲಿರುವ ಯಾವುದೋ ವೇರಿಯಬಲ್ ಓದಿ ಬರುತ್ತದೆ. ಫಂಕ್ಷನ್‌ನ ಮೇಲಿನ ಅರ್ಧದಲ್ಲಿ ಕ್ರ್ಯಾಶ್ ಆದರೆ ಪಟ್ಟಿ ಸರಿ, ಕೆಳಗಿನ ಅರ್ಧದಲ್ಲಾದರೆ ತಪ್ಪು. ಸಿಎಫ್ಎಯನ್ನೂ ಸೇರಿಸಿ ನೆನಪಿಡಬೇಕು ಎಂಬುದೇ ಈಗಿನ ನಡೆ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಫೈಲಿನಲ್ಲಿ ಕೋಡ್ ಇರುವ ಜಾಗ ಮತ್ತು ಮೆಮೊರಿಯಲ್ಲಿ ಅದು ಕೂರುವ ಜಾಗ ಒಂದೇ ಅಂತರದಲ್ಲಿರುತ್ತವೆ ಎಂದು ನಂಬಿದ ಲೈಬ್ರರಿಗಳು, ಬೇರೆ ಥರ ಜೋಡಿಸುವ ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಸೇರಿಸಿ ಒಂದು ಫೈಲ್ ಮಾಡುವ ಸಾಧನ) ಬಂದಾಗ ದಾರಿ ತಪ್ಪುತ್ತವೆ. ಹೊಸ ಆರ್ಮ್ ಪ್ರೊಸೆಸರ್‌ಗಳಲ್ಲಿ ಭದ್ರತೆಗೆಂದು ರಿಟರ್ನ್ ಅಡ್ರೆಸ್‌ನ ಮೇಲಿನ ಬಿಟ್‌ಗಳಲ್ಲಿ ಒಂದು ಮುದ್ರೆ ಒತ್ತಿರುತ್ತಾರೆ. ಅದನ್ನು ಒರೆಸದೆ ಬಳಸಿದರೆ ಯಾವ ಫಂಕ್ಷನ್‌ಗೂ ಸೇರದ ವಿಳಾಸ ಸಿಗುತ್ತದೆ. ಇಎಚ್ ಫ್ರೇಮ್ ಮತ್ತು ಡೀಬಗ್ ಫ್ರೇಮ್ (ಡ್ವಾರ್ಫ್‌ನ ಮೂಲ ಫ್ರೇಮ್ ಕೋಷ್ಟಕ) ನೋಡಲು ಅವಳಿಗಳಂತಿದ್ದರೂ, ಕೋಷ್ಟಕದ ತಲೆ ಎಲ್ಲಿದೆ ಎಂದು ತೋರಿಸುವ ರೀತಿ ಬೇರೆ. ಒಂದರಲ್ಲಿ ಇದ್ದಲ್ಲಿಂದ ಹಿಂದಕ್ಕೆ ಎಣಿಸಬೇಕು, ಇನ್ನೊಂದರಲ್ಲಿ ವಿಭಾಗದ ಶುರುವಿನಿಂದ.

ಎಲ್ಲಿ ನಿಲ್ಲಬೇಕು

ಸ್ಟ್ಯಾಕ್ ಬಿಚ್ಚುವವರಿಗೆ ನಡೆಯುವುದಷ್ಟೇ ಗೊತ್ತಿದ್ದರೆ ಸಾಲದು, ನಿಲ್ಲುವುದೂ ಗೊತ್ತಿರಬೇಕು. ಪ್ರೋಗ್ರಾಮ್‌ನ ಮೊಟ್ಟಮೊದಲ ಫ್ರೇಮ್‌ನಲ್ಲಿ ರಿಟರ್ನ್ ಅಡ್ರೆಸ್‌ಗೆ "ಬೆಲೆ ಇಲ್ಲ" ಎಂಬ ಗುರುತು ಇರುತ್ತದೆ. ಅದನ್ನು ಕಂಡ ಕೂಡಲೇ ನಿಲ್ಲಬೇಕು. ನಿಲ್ಲದಿದ್ದರೆ ಪಟ್ಟಿಯ ಕೊನೆಯಲ್ಲಿ ಅರ್ಥವಿಲ್ಲದ ವಿಳಾಸಗಳು ಸೇರಿಕೊಳ್ಳುತ್ತವೆ.

ಸ್ಟ್ಯಾಕ್ ಹಾಳಾಗಿದ್ದರೆ ಲೈಬ್ರರಿ ಒಂದೇ ಜಾಗದಲ್ಲಿ ಸುತ್ತುತ್ತಾ ಇರಬಹುದು. ಅದಕ್ಕೊಂದು ಸರಳ ಕಾವಲು: ಪ್ರತಿ ಹೆಜ್ಜೆಗೂ ಸಿಎಫ್ಎ ಮೇಲಕ್ಕೆ ಹೋಗಲೇಬೇಕು, ಹೋಗದಿದ್ದರೆ ನಿಲ್ಲು. ಒಳ್ಳೆಯ ನಿಯಮವೇ. ಆದರೆ ಸಿಗ್ನಲ್‌ಗೆಂದು ಬೇರೆಯೇ ಸ್ಟ್ಯಾಕ್ ಇಟ್ಟುಕೊಂಡ ಪ್ರೋಗ್ರಾಮ್‌ಗಳಿವೆ. ಅಲ್ಲಿಂದ ಮೂಲ ಸ್ಟ್ಯಾಕ್‌ಗೆ ದಾಟುವಾಗ ವಿಳಾಸ ಕೆಳಕ್ಕೂ ಹೋಗಬಹುದು. ಹಾಗಾಗಿ ಸಿಗ್ನಲ್ ಫ್ರೇಮ್ ದಾಟುವಾಗ ಮಾತ್ರ ರಿಯಾಯಿತಿ ಕೊಡಬೇಕು. ಆರ್ಮ್‌ನಲ್ಲಿ ರಿಟರ್ನ್ ಅಡ್ರೆಸ್ ಮೊದಲು ರಿಜಿಸ್ಟರ್‌ನಲ್ಲೇ ಇರುತ್ತದೆ, ಸ್ಟ್ಯಾಕ್ ಮುಟ್ಟದ ಪುಟ್ಟ ಫಂಕ್ಷನ್‌ನಲ್ಲಿ ಮೊದಲ ಹೆಜ್ಜೆಗೆ ಸಿಎಫ್ಎ ಕದಲುವುದೇ ಇಲ್ಲ. ಅದಕ್ಕೂ ಒಂದು ರಿಯಾಯಿತಿ.

ಇನ್ನೊಂದು ಸಂಕಟ ಬೇರೆ ಥರದ್ದು. ಕ್ರ್ಯಾಶ್ ಆದ ಪ್ರೋಗ್ರಾಮ್ ಒಳಗೇ ಲೈಬ್ರರಿ ಕೆಲಸ ಮಾಡಬೇಕಾಗಿರುತ್ತದೆ. ಆ ಪ್ರೋಗ್ರಾಮ್ ಮೆಮೊರಿ ಹಂಚುವ ಕೆಲಸದ ನಡುವೆ ಬೀಗ ಹಾಕಿಕೊಂಡು ನಿಂತಿದ್ದರೆ? ಲೈಬ್ರರಿಯೂ ಮೆಮೊರಿ ಕೇಳಿದರೆ ಅದೇ ಬೀಗಕ್ಕೆ ಕಾಯುತ್ತಾ ನಿಲ್ಲುತ್ತದೆ. ಬೀಗ ತೆಗೆಯಬೇಕಾದದ್ದು ನಡುವೆ ನಿಂತುಹೋದ ಆ ಪ್ರೋಗ್ರಾಮೇ. ಇಬ್ಬರೂ ಕದಲುವುದಿಲ್ಲ. ಕ್ರ್ಯಾಶ್ ಆಗಿ ಮುಗಿಯಬೇಕಾದ ಆ್ಯಪ್ ಪರದೆಯ ಮೇಲೆ ಹೆಪ್ಪುಗಟ್ಟಿ ಕೂರುತ್ತದೆ. ಹಾಗಾಗಿ ಈ ಲೈಬ್ರರಿಗಳು ತಮಗೆ ಬೇಕಾದ ಜಾಗವನ್ನು ಮೊದಲೇ ತೆಗೆದಿಟ್ಟುಕೊಳ್ಳುತ್ತವೆ. ಓದಬೇಕಾದ ವಿಳಾಸ ನಿಜವಾಗಿ ಇದೆಯೇ ಎಂದು ಪರೀಕ್ಷಿಸಿ ಆಮೇಲೆ ಓದುತ್ತವೆ.

ಸರಿಪಡಿಸುವ ಕೆಲಸ ನಡೆಯುವುದು ಹೇಗೆ

"ಪಟ್ಟಿ ತಪ್ಪು ಬಂತು" ಎಂಬ ದೂರು ಬಂದಾಗ ಮೊದಲ ಪ್ರಶ್ನೆ: ತಪ್ಪು ಯಾರದ್ದು? ಲೈಬ್ರರಿಯದ್ದೇ ಆಗಬೇಕೆಂದಿಲ್ಲ. ಕಂಪೈಲರ್ ತಪ್ಪು ಕೋಷ್ಟಕ ಬರೆದಿರಬಹುದು. ಕೈಯಿಂದಲೇ ಯಂತ್ರ ಭಾಷೆ ಬರೆದ ಕೋಡ್ ಆಗಿದ್ದರೆ, ಬರೆದವರು ಕೋಷ್ಟಕದ ಸಾಲುಗಳನ್ನೂ ಕೈಯಿಂದಲೇ ಬರೆಯಬೇಕು. ಅಲ್ಲಿ ಮರೆವು ಸಹಜ. ಕೆಲವೊಮ್ಮೆ ತಪ್ಪೇ ಇರುವುದಿಲ್ಲ. ಒಂದು ಫಂಕ್ಷನ್ ತನ್ನ ಕೊನೆಯ ಕೆಲಸವಾಗಿ ಇನ್ನೊಂದಕ್ಕೆ ಜಿಗಿದುಬಿಟ್ಟರೆ ಅದರ ಫ್ರೇಮ್ ಸ್ಟ್ಯಾಕ್‌ನಲ್ಲಿ ಇರುವುದೇ ಇಲ್ಲ. ಇಲ್ಲದ್ದನ್ನು ಯಾವ ಲೈಬ್ರರಿಯೂ ತೋರಿಸಲಾರದು. ಪ್ರೋಗ್ರಾಮ್ ಎಲ್ಲಿ ಸಮಯ ಕಳೆಯುತ್ತದೆ ಎಂದು ಅಳೆಯುವ ಲಿನಕ್ಸ್‌ನ ಪರ್ಫ್ ಸಾಧನವನ್ನು ಡ್ವಾರ್ಫ್ ರೀತಿಯಲ್ಲಿ ಬಳಸಿದಾಗ ಅದು ಪ್ರತಿ ಸಲವೂ ಸ್ಟ್ಯಾಕ್‌ನ 8192 ಬೈಟ್‌ಗಳನ್ನಷ್ಟೇ ನಕಲು ಮಾಡಿಕೊಳ್ಳುತ್ತದೆ, ಬೇರೆ ಹೇಳದಿದ್ದರೆ. ಅದಕ್ಕಿಂತ ಆಳದ ಸ್ಟ್ಯಾಕ್ ನಡುವೆಯೇ ತುಂಡಾಗುತ್ತದೆ.

ಲೈಬ್ರರಿಯದ್ದೇ ತಪ್ಪು ಎಂದು ಖಾತ್ರಿ ಮಾಡಿಕೊಳ್ಳಲು ಕೋಷ್ಟಕವನ್ನು ಮನುಷ್ಯರು ಓದುವಂತೆ ಬಿಡಿಸುವ ಸಾಧನಗಳಿವೆ. ರೀಡ್‌ಎಲ್ಫ್ ಅಂಥದ್ದು. ಅದು ತೋರಿಸಿದ ಸಾಲನ್ನು ಲೈಬ್ರರಿ ಕಟ್ಟಿದ ಸಾಲಿನ ಪಕ್ಕ ಇಟ್ಟು ನೋಡುತ್ತಾರೆ. ಮೊದಲು ಬೇರೆಯಾದದ್ದು ಎಲ್ಲಿ ಎಂದು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಸರಿಪಡಿಸಿದ್ದು ಮತ್ತೆ ಕೆಡದಂತೆ ಪರೀಕ್ಷೆ ಬರೆಯಬೇಕು. ಇದರಲ್ಲಿ ಒಂದು ವಿಧಾನ ನನಗೆ ತುಂಬಾ ಮೆಚ್ಚುಗೆ. ಪ್ರೋಗ್ರಾಮನ್ನು ಒಂದು ಆಜ್ಞೆ ಓಡಿಸಿ ನಿಲ್ಲಿಸುವುದು. ಸ್ಟ್ಯಾಕ್ ಬಿಚ್ಚುವುದು. ಮತ್ತೆ ಒಂದು ಆಜ್ಞೆ, ಮತ್ತೆ ಬಿಚ್ಚುವುದು. ಫಂಕ್ಷನ್ ಒಳಗೆ ಎಲ್ಲೇ ನಿಂತರೂ ಕರೆದವರು ಒಬ್ಬರೇ ತಾನೇ? ಯಾವುದಾದರೂ ಒಂದು ಆಜ್ಞೆಯಲ್ಲಿ ಉತ್ತರ ಬದಲಾದರೆ ಬಗ್ ಅಲ್ಲೇ ಇದೆ. ಮೇಲೆ ಹೇಳಿದ "ನೆನಪಿಡು, ವಾಪಸ್ ತಾ" ತಪ್ಪು ಇಂಥ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ. ಇನ್ನೊಂದು ವಿಧಾನ ಫಜಿಂಗ್: ಬೇಕೆಂದೇ ಕೆಡಿಸಿದ ಕೋಷ್ಟಕಗಳನ್ನು ಲಕ್ಷಗಟ್ಟಲೆ ತಿನ್ನಿಸಿ, ಲೈಬ್ರರಿ ತಾನೇ ಕ್ರ್ಯಾಶ್ ಆಗುತ್ತದೆಯೋ ಎಂದು ನೋಡುವುದು.

ಇಷ್ಟೆಲ್ಲಾ ತಲೆನೋವು ಬೇಡ ಎಂದವರೂ ಇದ್ದಾರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ 2006ರಲ್ಲಿ ಡ್ವಾರ್ಫ್ ಆಧರಿಸಿದ ಬಿಚ್ಚುವ ಕೋಡ್ ಸೇರಿತ್ತು. ಅದರ ಬಗ್‌ಗಳಿಂದ ಬೇಸತ್ತು ಅದೇ ವರ್ಷದ ಕೊನೆಗೆ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅದನ್ನು ತೆಗೆದುಹಾಕಿದರು. ಕರ್ನಲ್ ಕೆಟ್ಟಾಗ ಕಾರಣ ಹೇಳಬೇಕಾದ ಕೋಡೇ ಮತ್ತೆ ಕೆಟ್ಟರೆ ಯಾರಿಗೆ ಬೇಕು? 2017ರ 4.14ನೇ ಆವೃತ್ತಿಯಲ್ಲಿ ಓಆರ್‌ಸಿ ಎಂಬ ಬೇರೆ ಕೋಷ್ಟಕ ಬಂತು. ಡ್ವಾರ್ಫ್‌ಗಿಂತ ಬಹಳ ಸರಳ. ನಡೆಸಬೇಕಾದ ಸೂಚನೆಗಳಿಲ್ಲ, ನೇರವಾಗಿ ಓದುವ ಸಾಲುಗಳು. ಮೆಮೊರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ, ಆದರೆ ತಪ್ಪುವ ಜಾಗಗಳು ಕಡಿಮೆ. ಮಾಮೂಲಿ ಪ್ರೋಗ್ರಾಮ್‌ಗಳಿಗೆ ಇದು ಸಾಲದು. ಸಿ++ ಎಕ್ಸೆಪ್ಷನ್‌ಗೆ ಉಳಿಸಿಟ್ಟ ರಿಜಿಸ್ಟರ್‌ಗಳೂ ವಾಪಸ್ ಬೇಕು. ಅಲ್ಲಿ ಡ್ವಾರ್ಫ್ ಕೋಷ್ಟಕವೇ ಗತಿ.

ಇನ್ನು ನೀವು ಕಳಿಸಿದ ಆ ವರದಿ. ಹಲವು ಕ್ರ್ಯಾಶ್ ವರದಿ ವ್ಯವಸ್ಥೆಗಳು ಸ್ಟ್ಯಾಕ್ ಅನ್ನು ನಿಮ್ಮ ಫೋನಿನಲ್ಲಿ ಬಿಚ್ಚುವುದಿಲ್ಲ. ರಿಜಿಸ್ಟರ್‌ಗಳ ಬೆಲೆ ಮತ್ತು ಸ್ಟ್ಯಾಕ್‌ನ ಬೈಟ್‌ಗಳನ್ನು ಹಾಗೇ ಒಂದು ಪುಟ್ಟ ಫೈಲಿಗೆ ಹಾಕಿ ಕಳಿಸುತ್ತವೆ, ಇದಕ್ಕೆ ಮಿನಿಡಂಪ್ ಎನ್ನುತ್ತಾರೆ. ಬಿಚ್ಚುವ ಕೆಲಸ ಆ ಕಡೆಯ ಸರ್ವರ್‌ನಲ್ಲಿ. ಆ ಫೈಲನ್ನು ಇಟ್ಟುಕೊಂಡಿದ್ದರೆ, ಲೈಬ್ರರಿಯಲ್ಲಿ ಒಂದು ಬಗ್ ಸರಿಯಾದ ದಿನ ಹಳೆಯ ವರದಿಯನ್ನೇ ಮತ್ತೊಮ್ಮೆ ಬಿಚ್ಚಬಹುದು. ಬೈಟ್‌ಗಳು ಅವೇ, ಕೋಷ್ಟಕವೂ ಅದೇ. ಆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದ ಸಾಲಿನಲ್ಲಿ ಈ ಸಲ ಒಂದು ಫಂಕ್ಷನ್‌ನ ಹೆಸರಿರುತ್ತದೆ.